ವಯಸ್ಸಾದ ನಾಯಿ ಜಾಸ್ತಿ ನೀರು ಕುಡಿಯುತ್ತಿದೆಯಾ?

ನಾಯಿಗೆ 8 ವರ್ಷ ದಾಟಿದ ಮೇಲೆ ಏನೇ ಬದಲಾದರೂ ‘ವಯಸ್ಸಾಯ್ತಲ್ಲ’ ಅಂತ ಸುಮ್ನೆ ಇರಬೇಡಿ. ಮೈಯಲ್ಲೇ ತಯಾರಾಗುವ ಒತ್ತಡದ ಹಾರ್ಮೋನ್ ಕಾರ್ಟಿಸೋಲ್ ಜಾಸ್ತಿಯಾಗುವ ಕುಶಿಂಗ್ಸ್ ಕಾಯಿಲೆ ಹೀಗೇ ಮೆಲ್ಲಗೆ ಶುರುವಾಗುತ್ತದೆ.

ಮೊದಲು ನೀರು ಅಳೆಯಿರಿ. ಬೆಳಿಗ್ಗೆ ಅಳತೆ ಮಾಡಿ ಬಟ್ಟಲಿಗೆ ಹಾಕಿ, ಮಧ್ಯೆ ಸೇರಿಸಿದ್ದನ್ನೂ ಬರೆದಿಟ್ಟು, ಮರುದಿನ ಅದೇ ಹೊತ್ತಿಗೆ ಉಳಿದದ್ದನ್ನು ಕಳೆಯಿರಿ. ಒಂದು ಕಿಲೋ ತೂಕಕ್ಕೆ 100 ಮಿಲಿಗಿಂತ ಜಾಸ್ತಿ, ಅಂದರೆ 10 ಕಿಲೋ ತೂಗುವ ನಾಯಿ ದಿನಕ್ಕೆ 1 ಲೀಟರ್ ದಾಟಿದರೆ, ಡಾಕ್ಟರಿಗೆ ತೋರಿಸಲೇಬೇಕು. ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆಯಲ್ಲೂ ಹೀಗಾಗುತ್ತದೆ, ಅದಕ್ಕೇ ರಕ್ತ, ಮೂತ್ರ ಎರಡೂ ಪರೀಕ್ಷೆ ಆಗಬೇಕು. ಕುಡಿಯುವ ನೀರನ್ನು ಮಾತ್ರ ಕಡಿಮೆ ಮಾಡಬೇಡಿ.

ಆಮೇಲೆ ಮೈ ನೋಡಿ. ಹೊಟ್ಟೆ ಜೋತು ಬಿದ್ದಿದೆಯಾ, ಎರಡೂ ಪಕ್ಕೆಯಲ್ಲಿ ಒಂದೇ ಥರ ಕೂದಲು ಉದುರಿದೆಯಾ, ಚರ್ಮ ತೆಳುವಾಗಿದೆಯಾ? ಜೊತೆಗೆ ವಿಪರೀತ ಹಸಿವು, ತಂಪಿನಲ್ಲೂ ಏದುಸಿರು ಇದ್ದರೆ ಅನುಮಾನ ಇನ್ನೂ ಗಟ್ಟಿ. ಊಟ ಹೆಚ್ಚಾಗದೆ ದಪ್ಪಗಾಗಿ, ಚಳಿ ತಡೆಯದೆ, ಸದಾ ಮಂಕಾಗಿ ಮಲಗಿರುತ್ತದಾ? ಥೈರಾಯ್ಡ್ ಕಡಿಮೆಯಾಗಿರಬಹುದು.

ತುರಿಕೆಗೆ ಅಂತ ಸ್ಟೀರಾಯ್ಡ್ ಮಾತ್ರೆ, ಇಂಜೆಕ್ಷನ್, ಮುಲಾಮು ಕೊಡುತ್ತಿದ್ದರೆ ಮರೆಯದೆ ಹೇಳಿ, ಅದರಿಂದಲೂ ಕುಶಿಂಗ್ಸ್ ಬರುತ್ತದೆ. ಆದರೆ ನೀವೇ ತಟ್ಟನೆ ನಿಲ್ಲಿಸಬೇಡಿ, ಜೀವಕ್ಕೇ ಅಪಾಯ ಆಗಬಹುದು.