ರಿಪೋರ್ಟ್ ಕೊಡುವ ಮೊದಲು ಒಂದು ಹಾಳೆ ಬರೆಯಿರಿ

ನನ್ನ ಮಗನಿಗೆ ಆಟಿಸಂ ಇದೆ ಅಂತ ಗೊತ್ತಾದಾಗ ಅವನಿಗೆ ನಾಲ್ಕು ವರ್ಷ ಎರಡು ತಿಂಗಳು. ಮೈಸೂರಿನ ಮಾನಸಗಂಗೋತ್ರಿಯಲ್ಲಿ ವಾಕ್ ಶ್ರವಣ ಸಂಸ್ಥೆ ಇದೆಯಲ್ಲ, ನಾವೆಲ್ಲ ಆಯಿಷ್ ಅನ್ನುತ್ತೇವೆ, ಅಲ್ಲಿ ಪರೀಕ್ಷೆ ಆಯಿತು. ಏಳು ಪುಟದ ರಿಪೋರ್ಟ್ ಕೈಗೆ ಬಂತು. ಈಗ ಅವನು ಎರಡನೇ ಕ್ಲಾಸ್. ಇಷ್ಟರಲ್ಲಿ ಎರಡು ಶಾಲೆಗೆ ಈ ವಿಷಯ ಹೇಳಿದ್ದೇನೆ. ಮೊದಲನೇ ಸಲ ಹೇಳಿದ ರೀತಿ ತಪ್ಪಾಯಿತು. ಎರಡನೇ ಸಲ ಸರಿಹೋಯಿತು. ಎರಡನ್ನೂ ಬರೆಯುತ್ತೇನೆ, ಈ ಜೂನ್‌ನಲ್ಲಿ ಮಗುವನ್ನು ಶಾಲೆಗೆ ಸೇರಿಸುವ ಯಾರಿಗಾದರೂ ಉಪಯೋಗ ಆಗಲಿ.

ಮೊದಲ ಶಾಲೆಯಲ್ಲಿ ನಾನು ಮಾಡಿದ್ದು ಇಷ್ಟೇ. ಏಳು ಪುಟವನ್ನೂ ಜೆರಾಕ್ಸ್ ಮಾಡಿಸಿ, ಅಡ್ಮಿಷನ್ ಫಾರಂಗೆ ಪಿನ್ ಹೊಡೆದು, ಆಫೀಸ್ ಕೌಂಟರಿನಲ್ಲಿ ಕೊಟ್ಟು ಬಂದೆ. ನನ್ನ ಕೆಲಸ ಮುಗಿಯಿತು ಅಂದುಕೊಂಡೆ. ಆ ರಿಪೋರ್ಟಿನ ಎರಡನೇ ಪುಟದಲ್ಲಿ ನನ್ನ ಬಸುರಿನ ವಿವರ ಇತ್ತು. ಇವನಿಗಿಂತ ಮುಂಚೆ ಒಂದು ಮಗು ಹೋಗಿದ್ದೂ ಇತ್ತು. ಮೂರು ವಾರ ಕಳೆದ ಮೇಲೆ ಗೇಟಿನ ಹತ್ತಿರ ಇನ್ನೊಂದು ಮಗುವಿನ ಅಮ್ಮ ನನ್ನ ಕೈ ಹಿಡಿದು, 'ಮುಂಚೆ ಒಂದು ಹೋಗಿತ್ತಂತೆ, ಪಾಪ' ಅಂದರು. ನನ್ನ ತಂಗಿಗೂ ನಾನು ಹೇಳಿರದ ವಿಷಯ ಅದು. ಅದೇ ಶಾಲೆಯ ಕ್ಲಾಸ್ ಟೀಚರ್ ಸೆಪ್ಟೆಂಬರ್‌ನಲ್ಲಿ ನನ್ನನ್ನು ಕರೆಸಿ, 'ಮನೆಯಲ್ಲಿ ಮುದ್ದು ಜಾಸ್ತಿನಾ? ಕರೆದರೆ ತಿರುಗಿಯೂ ನೋಡಲ್ಲ' ಅಂದರು. ಅವರಿಗೆ ಯಾರೂ ಏನೂ ಹೇಳಿರಲಿಲ್ಲ. ಬೇಡದವರಿಗೆಲ್ಲ ಗೊತ್ತಿತ್ತು, ಬೇಕಾದವರಿಗೆ ಮಾತ್ರ ಗೊತ್ತಿರಲಿಲ್ಲ.

ನಾನು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು. ದಿನಾ ರಿಪೋರ್ಟ್ ಪ್ರಿಂಟ್ ತೆಗೆಯುತ್ತೇನೆ. ಸಕ್ಕರೆ 240 ಅಂತ ಅದರಲ್ಲಿ ಇರುತ್ತೆ. ಆ ಅಜ್ಜಿ ನಾಳೆ ಬೆಳಗ್ಗೆ ಏನು ತಿನ್ನಬೇಕು ಅನ್ನುವುದು ಅದರಲ್ಲಿ ಇರುವುದಿಲ್ಲ. ಮಗುವಿನ ರಿಪೋರ್ಟೂ ಹಾಗೇ. ನಮ್ಮ ದೇಶದಲ್ಲಿ ಆಟಿಸಂ ಅಳೆಯಲು ಐಎಸ್‌ಎಎ ಅನ್ನುವ ಪಟ್ಟಿ ಬಳಸುತ್ತಾರೆ. ಅದರಲ್ಲಿ 40 ಅಂಶಗಳು, ಒಂದೊಂದಕ್ಕೂ ಅಂಕ ಕೊಟ್ಟು ಕೂಡುತ್ತಾರೆ. ಮೊತ್ತ 70ಕ್ಕಿಂತ ಕಡಿಮೆ ಬಂದರೆ ಆಟಿಸಂ ಇಲ್ಲ, 70ರಿಂದ 106 ಸೌಮ್ಯ, 107ರಿಂದ 153 ಮಧ್ಯಮ, ಅದಕ್ಕಿಂತ ಮೇಲೆ ತೀವ್ರ. ನನ್ನ ಮಗನಿಗೆ 98 ಬಂತು. 98 ಅಂತ ಗೊತ್ತಾದ ಮಾತ್ರಕ್ಕೆ, ಊಟದ ಬೆಲ್ ಹೊಡೆದಾಗ ಇವನನ್ನು ಏನು ಮಾಡಬೇಕು ಅಂತ ಟೀಚರ್‌ಗೆ ಹೇಗೆ ಗೊತ್ತಾಗಬೇಕು?

ಹಾಗಾಗಿ ಎರಡನೇ ಶಾಲೆಗೆ ಹೋಗುವ ಮುಂಚೆ ಒಂದು ಹಾಳೆ ಬರೆದೆ.

ಯಾರಿಗೆ, ಯಾವಾಗ

ಪೂರ್ತಿ ವಿಷಯ ಗೊತ್ತಿರಬೇಕಾದವರು ಮೂರೇ ಜನ: ವಿಶೇಷ ಶಿಕ್ಷಕಿ, ಕ್ಲಾಸ್ ಟೀಚರ್, ಮುಖ್ಯ ಶಿಕ್ಷಕರು. ಆಯಮ್ಮನಿಗೂ ವ್ಯಾನ್ ಅಣ್ಣನಿಗೂ ಆಟಿಸಂ ಅನ್ನುವ ಪದ ಬೇಕಿಲ್ಲ. 'ಟಾಯ್ಲೆಟ್ ಬಂದರೆ ಇವನು ಬಾಯಲ್ಲಿ ಹೇಳಲ್ಲ, ಅಂಗಿ ತುದಿ ತಿರುಚುತ್ತಾನೆ' ಅಂದರೆ ಆಯಮ್ಮನಿಗೆ ಸಾಕು. 'ದಿನಾ ಅದೇ ಕಿಟಕಿ ಸೀಟು ಕೊಡಿ ಅಣ್ಣ' ಅಂದರೆ ಅವರಿಗೆ ಸಾಕು.

ಮೇ ಕೊನೆಯ ವಾರದಲ್ಲಿ, ಮಕ್ಕಳು ಬರುವ ಮುಂಚೆ, ಅರ್ಧ ಗಂಟೆ ಸಮಯ ಕೇಳಿ. ಮೊದಲ ದಿನ ಗೇಟಿನಲ್ಲಿ ನಿಂತು ಹೇಳುವ ವಿಷಯ ಇದಲ್ಲ. ಆ ದಿನ ಟೀಚರ್ ಕೈಯಲ್ಲಿ ಅಳುವ ಮಕ್ಕಳು ಮೂರು ನಾಲ್ಕು ಇರುತ್ತಾರೆ. ವರ್ಷದ ನಡುವೆ ಗೊತ್ತಾದರೆ ಮಾತ್ರ ಮುಂದಿನ ಜೂನ್ ತನಕ ಕಾಯಬೇಡಿ.

ಸೀಟು ಸಿಕ್ಕ ಮೇಲೆ ಹೇಳೋಣ ಅಂತ ತುಂಬಾ ತಂದೆತಾಯಿ ಯೋಚಿಸುತ್ತಾರೆ. ಅವರ ಭಯ ನನಗೆ ಅರ್ಥ ಆಗುತ್ತೆ. ಆದರೂ ಫೀಸ್ ಕಟ್ಟುವ ಮುಂಚೆಯೇ ಹೇಳಿ ಅಂತ ನಾನು ಹೇಳುತ್ತೇನೆ. ಮುಖ ಸಿಂಡರಿಸುವ ಶಾಲೆ ಯಾವುದು ಅನ್ನುವುದು ದುಡ್ಡು ಹೋಗುವ ಮುಂಚೆ ಗೊತ್ತಾದರೆ ಒಳ್ಳೆಯದು ಅಲ್ವಾ? ನಿಮ್ಮ ಊರಲ್ಲಿ ಇರುವುದೇ ಒಂದು ಶಾಲೆ ಅಂದರೆ ಆ ಮಾತು ಬೇರೆ. ಅಲ್ಲಿ ಮೊದಲು ಸೇರಿಸಿ, ಆದರೆ ಕ್ಲಾಸ್ ಶುರುವಾಗುವ ಮುಂಚೆ ಹೇಳಿಬಿಡಿ.

ಆ ಒಂದು ಹಾಳೆ

ಒಂದೇ ಪುಟ, ಒಂದೇ ಮಗ್ಗುಲು. ಜಾಸ್ತಿ ಆದರೆ ಯಾರೂ ಓದುವುದಿಲ್ಲ. ಮೊದಲ ಸಾಲಿನಲ್ಲೇ ಆಟಿಸಂ ಅಂತ ಬರೆಯಿರಿ. 'ಸ್ವಲ್ಪ ಮಾತು ತಡ', 'ತುಂಬಾ ಚುರುಕು, ಅದಕ್ಕೇ ಕೂರಲ್ಲ' ಅಂತ ಸುತ್ತಿ ಬಳಸಿ ಹೇಳಬೇಡಿ. ನಮ್ಮ ಅತ್ತೆ ಎರಡು ವರ್ಷ ಅದನ್ನೇ ಹೇಳಿದರು, 'ಇವರಪ್ಪನೂ ತಡವಾಗಿಯೇ ಮಾತಾಡಿದ್ದು' ಅಂತ. ಅವರದು ಪ್ರೀತಿ. ಆದರೆ ವಿಶೇಷ ಶಿಕ್ಷಕಿಗೆ ಹಾಗೆ ಹೇಳಿದರೆ ಅವರು ಮಾತಿನ ಮೇಲೆ ಮಾತ್ರ ಕೆಲಸ ಮಾಡುತ್ತಾರೆ, ಉಳಿದದ್ದು ಬಿಟ್ಟುಹೋಗುತ್ತೆ.

ನನ್ನ ಹಾಳೆಯಲ್ಲಿ ಇದ್ದದ್ದು ಇದು:

'ನನ್ನ ಮಗನಿಗೆ ಆಟಿಸಂ ಇದೆ. ಕಿವಿ ಚೆನ್ನಾಗಿ ಕೇಳಿಸುತ್ತೆ. ಆದರೂ ಹಿಂದಿನಿಂದ ಕರೆದರೆ ತಿರುಗುವುದಿಲ್ಲ. ಎದುರಿಗೆ ಬಂದು ಹೆಸರು ಹೇಳಿ, ಮನಸ್ಸಿನಲ್ಲೇ ಹತ್ತರ ತನಕ ಎಣಿಸಿ, ಆಮೇಲೆ ಇನ್ನೊಂದು ಸಲ ಹೇಳಿ.

ನಾವು ಕೇಳಿದ ಪ್ರಶ್ನೆಯನ್ನೇ ವಾಪಸ್ ಹೇಳುತ್ತಾನೆ. ಅವನು ಬಂದು 'ನೀರು ಬೇಕಾ?' ಅಂದರೆ, ಅವನಿಗೆ ನೀರು ಬೇಕು ಅಂತ ಅರ್ಥ.

ಮನೆಮಾತು ಕನ್ನಡ. ಇಂಗ್ಲಿಷಿನಲ್ಲಿ ಹೇಳಿದ್ದು ತಲೆಗೆ ಹೋಗಲು ಹೊತ್ತು ಬೇಕು. ಕೂತ್ಕೋ, ತಾ, ಸಾಕು, ಬಾ ಅನ್ನುವ ಚಿಕ್ಕ ಮಾತು ಸಾಕು. 'ಓಡಬೇಡ' ಅಂದರೆ 'ಓಡ' ಅಷ್ಟೇ ಕೇಳಿಸಿಕೊಂಡು ಓಡುತ್ತಾನೆ. 'ನಿಧಾನ ನಡಿ' ಅನ್ನಿ.

ಬೆಲ್, ಪ್ರಾರ್ಥನೆಯ ಮೈಕ್ ಇವನಿಗೆ ನೋವು ಕೊಡುತ್ತೆ. ಬೆಲ್‌ಗೆ ಒಂದು ನಿಮಿಷ ಮುಂಚೆ 'ಈಗ ಬೆಲ್ ಆಗುತ್ತೆ' ಅಂತ ಹೇಳಿ. ಪ್ರಾರ್ಥನೆಯಲ್ಲಿ ಸ್ಪೀಕರ್‌ನಿಂದ ದೂರ ನಿಲ್ಲಿಸಿ.

ಊಟಕ್ಕೆ ಮೊಸರನ್ನ ಮಾತ್ರ, ಅದೂ ಸಾಸಿವೆ ಒಗ್ಗರಣೆ ಇಲ್ಲದ್ದು. ಬೇರೆ ಏನೂ ಬಲವಂತವಾಗಿ ತಿನ್ನಿಸಬೇಡಿ, ವಾಂತಿ ಮಾಡುತ್ತಾನೆ.

ತಡೆಯಲಾಗದೆ ಅತ್ತರೆ ಅಪ್ಪಿಕೊಳ್ಳಬೇಡಿ, ಸಮಾಧಾನದ ಮಾತೂ ಬೇಡ. ಗೋಡೆ ಪಕ್ಕ ಕೂರಲು ಬಿಡಿ, ಹತ್ತಿರದಲ್ಲಿ ನೀವು ಸುಮ್ನೆ ಇರಿ. ಹತ್ತು ನಿಮಿಷಕ್ಕೆ ತಾನೇ ಎದ್ದು ಬರುತ್ತಾನೆ.

ಸಿಟಿ ಬಸ್ಸಿನ ನಂಬರ್ ಅಂದರೆ ಪ್ರಾಣ. ಚಾಮುಂಡಿ ಬೆಟ್ಟಕ್ಕೆ 201 ಅಂತ ಶುರು ಮಾಡಿದರೆ ನಿಲ್ಲಿಸುವುದಿಲ್ಲ. ಕೂಡುವ ಲೆಕ್ಕಕ್ಕೂ ಬಸ್ ಬಳಸಿದರೆ ಕೂತು ಮಾಡುತ್ತಾನೆ.'

ಅಷ್ಟೇ. ನಿಮ್ಮ ಮಗುವಿನದು ಬೇರೆ ಇರುತ್ತೆ. ಬರೆಯುವ ಮುಂಚೆ ಒಂದು ವಾರ ಗಮನಿಸಿ. ಯಾವ ಹೊತ್ತಿಗೆ ಅಳು ಬಂತು, ಅದಕ್ಕೂ ಐದು ನಿಮಿಷ ಮುಂಚೆ ಏನಾಗಿತ್ತು, ಯಾವುದರಿಂದ ಸಮಾಧಾನ ಆಯಿತು. ನಾನು ಇದನ್ನು ಹಾಲಿನ ಲೆಕ್ಕದ ಪುಸ್ತಕದ ಹಿಂದೆ ಬರೆದಿಟ್ಟುಕೊಂಡಿದ್ದೆ. ಇಷ್ಟವಾದದ್ದನ್ನು ಬರೆಯುವುದು ಮಾತ್ರ ಮರೆಯಬೇಡಿ. ಬರೀ ತೊಂದರೆಯ ಪಟ್ಟಿ ಕೊಟ್ಟರೆ ಮಗು ಬರುವ ಮುಂಚೆಯೇ ಅವರಿಗೆ ಹೆದರಿಕೆ ಬಂದಿರುತ್ತೆ.

ಎದುರಿಗೆ ಕೂತಾಗ

ಒಬ್ಬರೇ ಹೋಗಬೇಡಿ. ಕಣ್ಣೀರು ಬರುತ್ತೆ, ಕೇಳಬೇಕಾದದ್ದು ಮರೆತುಹೋಗುತ್ತೆ. ನಮ್ಮ ಯಜಮಾನರು ಮಗನ ಜೊತೆ ವರಾಂಡದಲ್ಲಿ ಕೂತರು, ನನ್ನ ತಂಗಿ ನನ್ನ ಪಕ್ಕ ಕೂತು ಬರೆದುಕೊಂಡಳು.

ಆ ವಿಶೇಷ ಶಿಕ್ಷಕಿ ನನಗಿಂತ ಚಿಕ್ಕವರು. ಹಾಳೆಯನ್ನು ಬೆರಳಿಟ್ಟು ಒಂದೊಂದೇ ಸಾಲು ಓದಿದರು. ನೀರಿನ ಸಾಲಿಗೆ ಬಂದಾಗ ಬೆರಳು ನಿಂತಿತು. 'ಮೇಡಂ, ಹೋದ ವಾರ ಅವನು ಶಾಲೆ ನೋಡಲು ಬಂದಿದ್ದನಲ್ಲ, ಮೂರು ಸಲ ನನ್ನ ಹತ್ತಿರ ಬಂದು ನೀರು ಬೇಕಾ ಅಂದ. ನಾನು ಮೂರು ಸಲವೂ ಬೇಡ ಪುಟ್ಟ ಅಂದೆ' ಅಂದರು. ಆಮೇಲೆ ಎದ್ದು, ಮೇಜಿನ ಮೇಲಿದ್ದ ತಮ್ಮ ಬಾಟಲ್ ತೆಗೆದುಕೊಂಡು ವರಾಂಡಕ್ಕೆ ಹೋದರು. ಏಳು ಪುಟದ ರಿಪೋರ್ಟ್ ಇನ್ನೂ ನನ್ನ ಬ್ಯಾಗಿನಲ್ಲೇ ಇತ್ತು.

ರಿಪೋರ್ಟ್ ಕೊಡಲೇಬೇಕು, ಆದರೆ ಪೂರ್ತಿ ಅಲ್ಲ. ಆಟಿಸಂ ಅಂತ ಬರೆದಿರುವ ಪುಟ, ಸಲಹೆಗಳ ಪುಟ, ಸ್ಪೀಚ್ ಥೆರಪಿ ಮತ್ತು ಓಟಿಯವರು (ಆಕ್ಯುಪೇಷನಲ್ ಥೆರಪಿ, ಅಂದರೆ ದಿನನಿತ್ಯದ ಕೆಲಸ ಕಲಿಸುವವರು) ಕೊಟ್ಟ ಗುರಿಗಳು ಸಾಕು. ಮನೆತನದ ವಿವರ, ಬಸುರು ಬಾಣಂತನದ ವಿವರ ಶಾಲೆಗೆ ಬೇಕಾಗಿಲ್ಲ. ಪ್ರತಿ ಜೆರಾಕ್ಸ್ ಮೇಲೆ 'ವಿಶೇಷ ಶಿಕ್ಷಣ ವಿಭಾಗದ ಬಳಕೆಗೆ ಮಾತ್ರ' ಅಂತ ಬರೆದು ತಾರೀಖು ಹಾಕಿ. ಫೈಲ್ ಎಲ್ಲಿಡುತ್ತೀರಿ, ಯಾರು ನೋಡಬಹುದು ಅಂತ ಕೇಳಿ. ಕೇಳಲು ಸಂಕೋಚ ಬೇಡ.

ಇನ್ನು ಕೇಳಬೇಕಾದ ಪ್ರಶ್ನೆಗಳು. ವಿಶೇಷ ಶಿಕ್ಷಕರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ಆರ್‌ಸಿಐ ನೋಂದಣಿ ಇದೆಯಾ? ವಾರಕ್ಕೆ ಎಷ್ಟು ಹೊತ್ತು ನನ್ನ ಮಗುವಿನ ಜೊತೆ ಇರುತ್ತಾರೆ, ಕ್ಲಾಸಿನ ಒಳಗೋ ಹೊರಗೋ? ಐಇಪಿ ಯಾವಾಗ ಬರೆಯುತ್ತೀರಿ, ಅದಕ್ಕೆ ನಮ್ಮನ್ನೂ ಕರೆಯುತ್ತೀರಾ? ಐಇಪಿ ಅಂದರೆ ಈ ಮಗುವಿಗೆ ಅಂತಲೇ ಮಾಡುವ ವರ್ಷದ ಯೋಜನೆ. ಅದರಲ್ಲಿ 'ಸಂವಹನ ಸುಧಾರಣೆ' ಅಂತ ಇದ್ದರೆ ಒಪ್ಪಬೇಡಿ. 'ಅಕ್ಟೋಬರ್ ಒಳಗೆ ಚಿತ್ರದ ಕಾರ್ಡ್ ತೋರಿಸಿ ಟಾಯ್ಲೆಟ್ ಕೇಳುವುದು' ಅಂತ ಇರಬೇಕು, ಆಗ ಆಯಿತಾ ಇಲ್ಲವಾ ಅಂತ ನೋಡಬಹುದು.

ಅವತ್ತು ಸಂಜೆಯೇ ಒಂದು ಮೆಸೇಜ್ ಕಳಿಸಿ. 'ಇವತ್ತು ಮಾತಾಡಿದ್ದಕ್ಕೆ ಧನ್ಯವಾದ. ಬೆಲ್ ಮುಂಚೆ ಹೇಳುವುದು, ಪ್ರಾರ್ಥನೆಯಲ್ಲಿ ಹಿಂದಿನ ಸಾಲು, ಮಂಗಳವಾರ ಮತ್ತು ಗುರುವಾರ ನಿಮ್ಮ ಜೊತೆ ಒಂದು ಪೀರಿಯಡ್ ಅಂತ ಒಪ್ಪಿಕೊಂಡೆವು' ಅಂತ. ಟೀಚರ್ ಬದಲಾದರೂ ಆ ಮೆಸೇಜ್ ಉಳಿಯುತ್ತೆ.

ಶಾಲೆ ಹಿಂದೇಟು ಹಾಕಿದರೆ

'ಬೇರೆ ಮಕ್ಕಳಿಗೆ ತೊಂದರೆ ಆಗುತ್ತೆ', 'ಇವನಿಗೆ ಸ್ಪೆಷಲ್ ಸ್ಕೂಲೇ ಸರಿ' ಅನ್ನುವ ಮಾತು ಬರಬಹುದು. ಜಗಳ ಆಡಬೇಡಿ, ಅದನ್ನೇ ಬರೆದುಕೊಡಿ ಅಂತ ಕೇಳಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಇದೆ. ಅದರಲ್ಲಿ ಹೆಸರಿಸಿದ 21 ಬಗೆಗಳಲ್ಲಿ ಆಟಿಸಂ ಕೂಡ ಒಂದು. ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಗಳು ತಾರತಮ್ಯ ಇಲ್ಲದೆ ಸೇರಿಸಿಕೊಳ್ಳಬೇಕು, ಮಗುವಿಗೆ ಬೇಕಾದ ಅನುಕೂಲ ಮಾಡಿಕೊಡಬೇಕು ಅಂತ 16ನೇ ಸೆಕ್ಷನ್ ಹೇಳುತ್ತೆ. ಈ ನಂಬರ್ ನೆನಪಿಟ್ಟುಕೊಂಡು ಮೆಲ್ಲಗೆ ಹೇಳಿದರೂ ಎದುರಿನವರ ದನಿ ಬದಲಾಗುತ್ತೆ, ನಾನು ನೋಡಿದ್ದೇನೆ.

ಸರ್ಕಾರಿ ಶಾಲೆ ಆದರೆ, ಅಲ್ಲಿ ವಿಶೇಷ ಶಿಕ್ಷಕರು ಇಲ್ಲ ಅಂತ ಸುಮ್ಮನಾಗಬೇಡಿ. ನಿಮ್ಮ ಬ್ಲಾಕಿನ ಬಿಆರ್‌ಸಿ, ಅಂದರೆ ಶಿಕ್ಷಣ ಇಲಾಖೆಯ ಬ್ಲಾಕ್ ಸಂಪನ್ಮೂಲ ಕೇಂದ್ರದ ಕಚೇರಿಗೆ ಹೋಗಿ ಬಿಐಇಆರ್‌ಟಿ ಯಾರು ಅಂತ ಕೇಳಿ. ಬ್ಲಾಕಿನ ಶಾಲೆಗಳಿಗೆ ಓಡಾಡುವ ವಿಶೇಷ ಸಂಪನ್ಮೂಲ ಶಿಕ್ಷಕರು ಅವರು. ಅವರ ಮೇಲೆ ಕೆಲಸ ಜಾಸ್ತಿ, ವಾರ ವಾರ ಬರಲು ಆಗದಿರಬಹುದು. ಆದ್ದರಿಂದ ನಿಮ್ಮ ಒಂದು ಹಾಳೆ ಅವರ ಕೈಗೂ ಕೊಡಿ, ಕ್ಲಾಸ್ ಟೀಚರ್ ಕೈಗೂ ಕೊಡಿ. ಮನೆಯಲ್ಲೇ ಪಾಠ ಮಾಡುವ ವ್ಯವಸ್ಥೆಯೂ ಇದೆ. ಅದು ಶಾಲೆಗೆ ಬರಲು ಆಗದ ಮಕ್ಕಳಿಗೆ. ನಡೆದು ಬರುವ ಮಗುವನ್ನು ಅದಕ್ಕೆ ಸೇರಿಸೋಣ ಅಂದರೆ ಬೇಡ ಅನ್ನಿ.

ಒಂದು ವಿಷಯದಲ್ಲಿ ನಾನೇ ತಡ ಮಾಡಿದೆ. ಆಸ್ಪತ್ರೆಯ ರಿಪೋರ್ಟೇ ಅಂಗವೈಕಲ್ಯ ಪ್ರಮಾಣಪತ್ರ ಅಂದುಕೊಂಡಿದ್ದೆ. ಎರಡೂ ಬೇರೆ. ಪ್ರಮಾಣಪತ್ರಕ್ಕೂ ಯುಡಿಐಡಿ ಕಾರ್ಡಿಗೂ (ವಿಕಲಚೇತನರ ಗುರುತಿನ ಚೀಟಿ) ಸರ್ಕಾರದ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ, ಅವರು ಹೇಳಿದ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಬೇಕು. ಅಂಗವೈಕಲ್ಯ ಶೇ 40 ಮತ್ತು ಮೇಲೆ ಇದ್ದರೆ 6ರಿಂದ 18 ವರ್ಷದ ತನಕ ಉಚಿತ ಶಿಕ್ಷಣದ ಹಕ್ಕು ಅದೇ ಕಾಯ್ದೆಯಲ್ಲಿದೆ. ಮುಂದೆ ಎಸ್‌ಎಸ್‌ಎಲ್‌ಸಿಯಲ್ಲಿ ಹೆಚ್ಚುವರಿ ಸಮಯ, ಬರೆಯಲು ಸಹಾಯಕರು ಬೇಕು ಅಂದರೂ ಪ್ರಮಾಣಪತ್ರ ಕೇಳುತ್ತಾರೆ. ಈಗಲೇ ಮಾಡಿಸಿಡಿ.

ಆಮೇಲೆ

ಒಂದು ನೂರು ಪುಟದ ನೋಟ್‌ಬುಕ್ ಬ್ಯಾಗಿನಲ್ಲಿ ಓಡಾಡಲಿ. ರಾತ್ರಿ ನಿದ್ದೆ ಆಗಿಲ್ಲ, ಬೆಳಗ್ಗೆ ಜ್ವರ ಇತ್ತು ಅಂತ ನೀವು ಎರಡು ಸಾಲು ಬರೆಯಿರಿ, ಅವರೂ ಎರಡು ಸಾಲು ಬರೆಯುತ್ತಾರೆ. ಒಳ್ಳೆಯದಾದ ದಿನವೂ ಬರೆಯಿರಿ ಅಂತ ಮೊದಲೇ ಕೇಳಿಕೊಳ್ಳಿ. ಇಲ್ಲದಿದ್ದರೆ ಆ ಪುಸ್ತಕ ದೂರಿನ ಪುಸ್ತಕ ಆಗುತ್ತೆ, ಸಂಜೆ ಅದನ್ನು ತೆಗೆಯಲು ನಿಮಗೇ ಕೈ ನಡುಗುತ್ತೆ.

ಹಾಳೆಯನ್ನು ಪ್ರತಿ ವರ್ಷ ಹೊಸದಾಗಿ ಬರೆಯಬೇಕು. ಮಾರ್ಚ್‌ನಲ್ಲಿ ವಿಶೇಷ ಶಿಕ್ಷಕಿಯ ಜೊತೆ ಕೂತು ಹಳೆಯದನ್ನು ಓದುತ್ತೇವೆ. ಈ ಸಲ ಅವರು ಬೆಲ್ಲಿನ ಸಾಲು ಹೊಡೆದುಹಾಕಿದರು, ಈಗ ಕಿವಿ ಮುಚ್ಚಿಕೊಂಡು ಕೂತೇ ಇರುತ್ತಾನಂತೆ. ಸಾಸಿವೆಯ ಸಾಲು ಹಾಗೇ ಉಳಿಯಿತು. ನೀರಿನ ಸಾಲಿನ ಪಕ್ಕ ಅವರೇ ಪೆನ್ಸಿಲ್‌ನಲ್ಲಿ ಬರೆದರು: 'ಈಗ ಲೋಟ ತಂದು ಕೈಗೆ ಕೊಡುತ್ತಾನೆ.'