ಬೋಟಿನ ಡ್ರೈವ್ ಮೇಲೇಳ್ತಿಲ್ವಾ? ಮೊದಲು ಸದ್ದು ಕೇಳಿ

ಕೆ.ಆರ್.ಎಸ್ ಹಿನ್ನೀರಲ್ಲಿ ಹಳೇ ಸ್ಟರ್ನ್ ಡ್ರೈವ್ ಬೋಟ್ (ಎಂಜಿನ್ ಒಳಗೆ, ಪ್ರೊಪೆಲ್ಲರ್ ಇರೋ ಡ್ರೈವ್ ಹಿಂದೆ ಹೊರಗೆ) ಓಡಿಸೋರು ಗಮನಿಸಿ. ಡ್ರೈವ್ ಮೇಲೇಳದಿದ್ರೆ ತಕ್ಷಣ ಅದನ್ನ ಎತ್ತೋ ಹೈಡ್ರಾಲಿಕ್ ಪಂಪ್ ಬದಲಾಯಿಸೋಕೆ ಹೋಗ್ಬೇಡಿ, ದುಡ್ಡು ದಂಡ. ಸ್ವಿಚ್ ಒತ್ತಿದಾಗ ರಿಲೇ (ಮೋಟರಿಗೆ ಕರೆಂಟ್ ಬಿಡೋ ಸ್ವಿಚ್) ಬರೀ ಟಿಕ್ ಅಂದು ಪಂಪಿನ ಮೋಟರ್ ತಿರುಗದಿದ್ರೆ ಬ್ಯಾಟರಿ, ಅರ್ಥ್ ವೈರು ನೋಡಿ. ಟರ್ಮಿನಲ್ ಮೇಲೆ ಹಸಿರು ಕಿಲುಬು ಕಟ್ಟಿದ್ರೆ ಬ್ಯಾಟರಿ ಕನೆಕ್ಷನ್ ತೆಗೆದು, ಸ್ಯಾಂಡ್‌ಪೇಪರಲ್ಲಿ ಉಜ್ಜಿ ಬಿಗಿಯಾಗಿ ಹಾಕಿ.

ಮೋಟರ್ ತಿರುಗಿಯೂ ಡ್ರೈವ್ ಅಲ್ಲಾಡದಿದ್ರೆ ಹೈಡ್ರಾಲಿಕ್ ಎಣ್ಣೆ ಕಡಿಮೆಯಾಗಿರಬಹುದು. ಡ್ರೈವ್ ಪೂರ್ತಿ ಕೆಳಗಿಳಿಸಿಯೇ ಮಟ್ಟ ನೋಡಿ. ಎಣ್ಣೆ ಹಾಲಿನಂತೆ ಬೆಳ್ಳಗಿದ್ರೆ ನೀರು ಸೇರಿದೆ ಅಂತ. ಮೇಲಿಂದ ತುಂಬಿಸಿದ್ರೆ ಸಾಲದು, ಎಲ್ಲ ಬಸಿದು ಹೊಸದು ಹಾಕಿ. ಸಿಲಿಂಡರ್ ರಾಡ್ ಸುತ್ತ ಜಿಡ್ಡು ಒಸರ್ತಿದ್ರೆ ಎಣ್ಣೆ ಹೊರಬರದಂತೆ ತಡೆಯೋ ಸೀಲ್ ಹೋಗಿದೆ.

ಎತ್ತಿದ ಡ್ರೈವ್ ಕೆಳಗೆ ಕೈ ಹಾಕೋ ಮುಂಚೆ ದಪ್ಪ ದಿಮ್ಮಿ ಆನಿಸಿ, ದಯವಿಟ್ಟು. ಸೀಲ್ ಸಿಗದಿದ್ರೆ ಹಳೇದನ್ನೇ ಹಿಡ್ಕೊಂಡು ಮೈಸೂರಲ್ಲಿ ಜೆಸಿಬಿ ಹೈಡ್ರಾಲಿಕ್ ರಿಪೇರಿ ಮಾಡೋರ ಹತ್ರ ಅಳತೆ ಕೊಟ್ಟು ಕೇಳಿ.