ಆಟಕ್ಕುಂಟು, ಲೆಕ್ಕಕ್ಕಿಲ್ಲ: ಫೌಲಾದ ಶಾಟ್‌ಗಳಿಗೆ ನಾನಿಟ್ಟ ಪುಸ್ತಕ

ಬಾಸ್ಕೆಟ್‌ಬಾಲ್‌ನಲ್ಲಿ ಶಾಟ್ ಹೊಡೆಯುವಾಗ ಫೌಲ್ ಆಗಿ, ಚೆಂಡು ಬುಟ್ಟಿಗೆ ಬೀಳದೆ ಹೋದರೆ ಅಂಕಿ-ಅಂಶದ ಮಟ್ಟಿಗೆ ಆ ಶಾಟ್ ನಡೆದೇ ಇಲ್ಲ. ಫ್ರೀ ಥ್ರೋ (ಯಾರೂ ಅಡ್ಡ ಬರದ, ಒಂದು ಅಂಕದ ಎಸೆತ) ಸಿಗುತ್ತದೆ, ಆದರೆ ಫೀಲ್ಡ್ ಗೋಲ್ (ಆಟದ ನಡುವೆ ಹೊಡೆಯುವ ಶಾಟ್) ಪ್ರಯತ್ನದ ಕಾಲಮ್ಮಿಗೆ ಏನೂ ಸೇರುವುದಿಲ್ಲ. ಅದೇ ಚೆಂಡು ಫೌಲಾಗಿಯೂ ಒಳಗೆ ಬಿದ್ದರೆ ಒಂದು ಪ್ರಯತ್ನ, ಒಂದು ಗೋಲ್, ಮೇಲಿಂದ ಒಂದು ಫ್ರೀ ಥ್ರೋ. ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯಲ್ಲೂ ಹೀಗೆಯೇ, ಅಂತರರಾಷ್ಟ್ರೀಯ ಒಕ್ಕೂಟ ಫೀಬಾದ ನಿಯಮದಲ್ಲಿ ಆಡುವ ನಮ್ಮ ಕಾಸರಗೋಡಿನ ಸಿಮೆಂಟ್ ಕೋರ್ಟುಗಳಲ್ಲೂ ಹೀಗೆಯೇ. ಬಿದ್ದದ್ದು ಉಳಿಯುತ್ತದೆ, ತಪ್ಪಿದ್ದು ಅಳಿಸಿಹೋಗುತ್ತದೆ. ಹೆಚ್ಚು ಫೌಲ್ ಪಡೆಯುವವರ ಶೂಟಿಂಗ್ ಪರ್ಸೆಂಟ್ ಇದರಿಂದ ಮೇಲೇರುತ್ತದೆ.

ಬದಿಯಡ್ಕದ ಕಡೆ ಕನ್ನಡ ಮಾಧ್ಯಮದ ಹುಡುಗಿಯರ ತಂಡವೊಂದಕ್ಕೆ ಆಟ ಕಲಿಸುತ್ತೇನೆ. ಕಬಡ್ಡಿಗೆ, ವಾಲಿಬಾಲಿಗೆ ಸೇರುವ ಜನ ನಮ್ಮ ಆಟಕ್ಕೆ ಸೇರುವುದಿಲ್ಲ. ಮಳೆ ಹಿಡಿಯಿತೆಂದರೆ ಕೋರ್ಟ್ ಪಾಚಿಗಟ್ಟುತ್ತದೆ. ಆದ್ದರಿಂದ ಸಿಗುವ ಕೆಲವೇ ಪಂದ್ಯಗಳಿಂದ ಏನು ಕಲಿಯಬಹುದೋ ಅದನ್ನೆಲ್ಲ ಹಿಂಡಿ ತೆಗೆಯಬೇಕು. ನಮ್ಮ ಗಾರ್ಡ್ (ಹೊರಗಿನಿಂದ ಆಟ ನಡೆಸುವವಳು) ಹುಡುಗಿಯೊಬ್ಬಳು ಒಮ್ಮೆ ತಂಡದ ಇನ್ನೊಬ್ಬಳ ಬಗ್ಗೆ ಕೇಳಿದಳು: "ಮಾಷ್ಟ್ರೇ, ಅವಳದ್ದು ಐವತ್ತೇಳು ಪರ್ಸೆಂಟ್ ಅಂತ ಬರೆದಿದ್ದೀರಿ. ಅವಳು ಹಾಕಿದ್ದರಲ್ಲಿ ಅರ್ಧಕ್ಕರ್ಧ ಬೀಳುವುದೇ ಇಲ್ಲವಲ್ಲ?" ಅವಳ ಕಣ್ಣು ಸರಿಯಾಗಿಯೇ ನೋಡಿತ್ತು. ಆಮೇಲೆ ನಾನು ಬೇರೆ ಪುಸ್ತಕ ಇಟ್ಟೆ.

ಅದರಲ್ಲಿ ಪ್ರತಿ ಆಟಗಾರ್ತಿಗೆ ನಾಲ್ಕು ಮನೆ: ಮುಟ್ಟದೆ ಬಿದ್ದದ್ದು, ಮುಟ್ಟದೆ ತಪ್ಪಿದ್ದು, ಫೌಲಾಗಿ ಬಿದ್ದದ್ದು, ಫೌಲಾಗಿ ತಪ್ಪಿದ್ದು. ನಾಲ್ಕನೆಯ ಮನೆಯೇ ಮುಖ್ಯ, ಏಕೆಂದರೆ ಅದು ಬೇರೆಲ್ಲೂ ಇರುವುದಿಲ್ಲ. ಬೆಂಚಿನಲ್ಲಿ ಕೂತ ಒಬ್ಬಳಿಗೆ ಇದೇ ಕೆಲಸ ಕೊಡುತ್ತೇನೆ. ಆಟವನ್ನು ಅಷ್ಟು ಗಮನವಿಟ್ಟು ನೋಡಲು ಅವಳಿಗೂ ಇದಕ್ಕಿಂತ ಒಳ್ಳೆಯ ದಾರಿಯಿಲ್ಲ.

ಬರೆಯುವವರು ಸಿಗದ ದಿನ ಪಂದ್ಯ ಮುಗಿದ ಮೇಲೆ ಸ್ಕೋರ್ ಶೀಟಿನ ನಕಲು ಕೇಳಿ ಪಡೆಯುತ್ತೇನೆ. ಫೀಬಾ ಶೀಟಿನಲ್ಲಿ ತಪ್ಪಿದ ಶಾಟ್‌ಗಳು ಇರುವುದಿಲ್ಲ, ಆದರೆ ಫೌಲ್‌ಗಳ ಪಕ್ಕದಲ್ಲಿ ಎಷ್ಟು ಫ್ರೀ ಥ್ರೋ ಕೊಟ್ಟರೆಂಬ ಅಂಕಿ ಇರುತ್ತದೆ. ಪಿ ಎಂದರೆ ಪರ್ಸನಲ್ ಫೌಲ್. ಪಿ1 ಎಂದಿದ್ದರೆ ಸಾಮಾನ್ಯವಾಗಿ ಫೌಲಾಗಿಯೂ ಬಿದ್ದ ಶಾಟ್. ಪಿ3 ಎಂದರೆ ಫೌಲಾಗಿ ತಪ್ಪಿದ ಮೂರು ಪಾಯಿಂಟಿನ ಶಾಟ್. ತೊಂದರೆ ಇರುವುದು ಪಿ2ರಲ್ಲಿ. ಒಂದು ಕ್ವಾರ್ಟರಿನಲ್ಲಿ ತಂಡದ ನಾಲ್ಕು ಫೌಲ್ ಮುಗಿದ ಮೇಲೆ, ಶಾಟ್ ಹೊಡೆಯದವರನ್ನು ತಡೆದರೂ ಎರಡು ಫ್ರೀ ಥ್ರೋ ಸಿಗುತ್ತವೆ. ಆದ್ದರಿಂದ ಟೀಮ್ ಫೌಲಿನ ಚೌಕ ತುಂಬುವ ಮೊದಲು ಬಂದ ಪಿ2ಗಳನ್ನು ಮಾತ್ರ ಶಾಟಿನ ಫೌಲ್ ಎಂದು ಲೆಕ್ಕಕ್ಕೆ ಹಿಡಿಯುತ್ತೇನೆ.

ವ್ಯತ್ಯಾಸ ಎಷ್ಟಾಗಬಹುದು? ಬುಟ್ಟಿಯ ಕೆಳಗೆ ಆಡುವವಳು 20 ಸಲ ಶಾಟ್ ಹೊಡೆದಳು ಎನ್ನಿ. 12ರಲ್ಲಿ ಯಾರೂ ಮುಟ್ಟಲಿಲ್ಲ, 6 ಬಿದ್ದವು. ಉಳಿದ 8ರಲ್ಲಿ ಫೌಲಾಯಿತು, 2 ಬಿದ್ದವು. ಅಧಿಕೃತ ಲೆಕ್ಕ 14ಕ್ಕೆ 8, ಅಂದರೆ ಶೇ. 57. ನಿಜವಾಗಿ ಚೆಂಡು ಒಳಹೋದದ್ದು 20ಕ್ಕೆ 8, ಶೇ. 40.

ಹಾಗೆಂದು ಆ ಶೇ. 40 ಹಿಡಿದು ಅವಳನ್ನು ಹೊರಗಿಟ್ಟರೆ ದೊಡ್ಡ ಅನ್ಯಾಯ. ಬಿದ್ದ 2ಕ್ಕೆ ಒಂದೊಂದು, ತಪ್ಪಿದ 6ಕ್ಕೆ ಎರಡೆರಡು ಎಂದು ಆ 8 ಫೌಲ್‌ಗಳಿಂದ ಅವಳಿಗೆ 14 ಫ್ರೀ ಥ್ರೋ ಸಿಕ್ಕಿವೆ. ಅರ್ಧ ಹಾಕಿದರೂ, ಬಿದ್ದ 8 ಶಾಟಿನ 16 ಅಂಕಕ್ಕೆ 7 ಸೇರಿ ಒಟ್ಟು 23 ಅಂಕ. ಇಂಥಲ್ಲಿ ವೃತ್ತಿಪರ ಲೀಗುಗಳಲ್ಲಿ ಟ್ರೂ ಶೂಟಿಂಗ್ ಎಂಬ ಲೆಕ್ಕ ಬಳಸುತ್ತಾರೆ: ಫ್ರೀ ಥ್ರೋಗಳನ್ನು 0.44ರಿಂದ ಗುಣಿಸಿ, ಫೀಲ್ಡ್ ಗೋಲ್ ಪ್ರಯತ್ನಕ್ಕೆ ಕೂಡಿಸಿ, ಬಂದದ್ದನ್ನು ಇಮ್ಮಡಿಸಿ, ಅದರಿಂದ ಒಟ್ಟು ಅಂಕವನ್ನು ಭಾಗಿಸುವುದು. 0.5 ಅಲ್ಲದೆ 0.44 ಏಕೆಂದರೆ ಬಿದ್ದ ಶಾಟಿನ ಮೇಲಿನ ಒಂಟಿ ಫ್ರೀ ಥ್ರೋ, ಟೆಕ್ನಿಕಲ್ ಫೌಲಿನದು (ದುರ್ವರ್ತನೆಯಂಥ ತಪ್ಪಿಗೆ ಕೊಡುವ ಫೌಲ್), ಮೂರು ಪಾಯಿಂಟಿನ ಶಾಟಿಗೆ ಸಿಗುವ ಮೂರರ ಕಂತು ಇವೆಲ್ಲ ಜೋಡಿಯಾಗಿ ಬರುವುದಿಲ್ಲ. ನಮ್ಮ ಉದಾಹರಣೆಗೆ ಹಾಕಿದರೆ 14ರ 0.44 ಎಂದರೆ 6.16. ಅಳಿಸಿಹೋದ ಶಾಟ್‌ಗಳು 6. ಸೂತ್ರ ಅವುಗಳನ್ನು ಸರಿಸುಮಾರು ಹಾಗೆಯೇ ವಾಪಸು ತಂದಿತು, ಅವಳ ಟ್ರೂ ಶೂಟಿಂಗ್ ಶೇ. 57. ಇದನ್ನು ಮೊದಲ ಸಲ ಹಾಕಿ ನೋಡಿದಾಗ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

ದೊಡ್ಡವರ ಆಟದಲ್ಲೂ ಇದೇ ಕಥೆ. 2018-19ರಲ್ಲಿ ಎನ್‌ಬಿಎ ಆಟಗಾರ ಜೇಮ್ಸ್ ಹಾರ್ಡನ್ ಪಂದ್ಯಕ್ಕೆ 36.1 ಅಂಕ ಗಳಿಸಿದರು. ಫೀಲ್ಡ್ ಗೋಲ್ ಶೇ. 44.2 ಮಾತ್ರ, ನೋಡಿದರೆ ಸಾಧಾರಣ. ಆದರೆ ಪಂದ್ಯಕ್ಕೆ 11 ಫ್ರೀ ಥ್ರೋ, ಮೇಲೆ ಅಷ್ಟೊಂದು ಮೂರು ಪಾಯಿಂಟಿನ ಗೋಲುಗಳು ಸೇರಿ ಟ್ರೂ ಶೂಟಿಂಗ್ ಶೇ. 61 ದಾಟಿತ್ತು. ಎನ್‌ಬಿಎಯ ದೈತ್ಯ ಸೆಂಟರ್ ಶಾಕಿಲ್ ಓನೀಲ್ ಅವರದ್ದು ತದ್ವಿರುದ್ಧ: ವೃತ್ತಿಜೀವನದ ಫೀಲ್ಡ್ ಗೋಲ್ ಶೇ. 58.2, ಫ್ರೀ ಥ್ರೋ ಶೇ. 52.7. ಅವರನ್ನು ಬೇಕೆಂದೇ ಹಿಡಿದು ನಿಲ್ಲಿಸುವ ತಂತ್ರ ಪ್ರಸಿದ್ಧವಾಯಿತು. ಎರಡು ಫ್ರೀ ಥ್ರೋಗೆ ಅವರಿಂದ ಸರಾಸರಿ 1.05 ಅಂಕ ಬರುತ್ತಿತ್ತು. ಆ ಕಾಲದ ತಂಡಗಳು ಒಂದು ದಾಳಿಗೆ ಗಳಿಸುತ್ತಿದ್ದುದೂ ಹೆಚ್ಚುಕಡಿಮೆ ಅಷ್ಟೇ. ನನ್ನ ಮಟ್ಟಿಗೆ ಅದು ಹೆದರಿದವರ ತಂತ್ರ, ನೋಡಲೂ ಚೆಂದವಿಲ್ಲ. ನಮ್ಮ ಹುಡುಗಿಯರಿಗೆ ಅದನ್ನು ಕಲಿಸುವುದಿಲ್ಲ.

ರೆಫರಿ ಬದಲಾದರೆ ಅಂಕಿಯೂ ಬದಲಾಗುತ್ತದೆ. 2021-22ರಿಂದ ಎನ್‌ಬಿಎ, ರಕ್ಷಕನ ಮೇಲೆ ತಾನೇ ವಾಲಿ ಬೀಳುವ, ಕಾಲು ಚಾಚುವ ಅಸಹಜ ಚಲನೆಗಳಿಗೆ ಶೂಟಿಂಗ್ ಫೌಲ್ ಕೊಡಬಾರದೆಂದು ರೆಫರಿಗಳಿಗೆ ಹೇಳಿತು. ಮೊದಲಾದರೆ ಅಳಿಸಿಹೋಗುತ್ತಿದ್ದ ಶಾಟ್ ಈಗ ತಪ್ಪಿದ ಶಾಟ್ ಆಗಿ ದಾಖಲಾಗುತ್ತದೆ. ಕೈ ಅದೇ, ಎಸೆತ ಅದೇ, ಪರ್ಸೆಂಟ್ ಇಳಿಯುತ್ತದೆ. ನಮ್ಮಲ್ಲೂ ಸಣ್ಣ ತಾಗುವಿಕೆಗೆ ಸೀಟಿ ಊದದ ರೆಫರಿ ಇದ್ದ ದಿನ ಬುಟ್ಟಿಯ ಕೆಳಗಿನವರ ಅಂಕಿ ಕುಸಿಯುತ್ತದೆ. ಕೊಡದೆ ಬಿಟ್ಟ ಫೌಲ್‌ಗಳಿಗೆ ಐದನೆಯ ಮನೆ ಹಾಕಿ ಎಂದು ಮಕ್ಕಳು ಹೇಳಿದರು, ನಾನು ಒಪ್ಪಲಿಲ್ಲ. ಪುಸ್ತಕದಲ್ಲಿ ಸೀಟಿ ಕೇಳಿದ್ದು ಮಾತ್ರ ಇರಬೇಕು. ಅದರ ಬದಲು ಪುಟದ ಮೇಲ್ಗಡೆ ಆ ದಿನ ಎರಡೂ ತಂಡಗಳಿಗೆ ಸೇರಿ ಎಷ್ಟು ಫೌಲ್ ಆಯಿತೆಂದು ಬರೆಯುತ್ತೇವೆ, ಎರಡು ಪಂದ್ಯಗಳ ಪರ್ಸೆಂಟ್ ಹೋಲಿಸುವ ಮೊದಲು ಆ ಅಂಕಿ ನೋಡುತ್ತೇವೆ.

ಕೊನೆಯ ನಿಮಿಷದಲ್ಲಿ ಗಡಿಯಾರ ನಿಲ್ಲಿಸಲೆಂದು ಹಿಂದಿರುವ ತಂಡ ಮಾಡುವ ಫೌಲ್‌ಗಳಿಗೂ ಯಾರ ಶೂಟಿಂಗಿಗೂ ಸಂಬಂಧವಿಲ್ಲ. ಆ ಫ್ರೀ ಥ್ರೋಗಳನ್ನು ಬೇರೆ ಪುಟದಲ್ಲಿ ಬರೆದು ಟ್ರೂ ಶೂಟಿಂಗ್ ಲೆಕ್ಕದಿಂದ ಹೊರಗಿಡುತ್ತೇನೆ. ಸುಸ್ತಾದ ಕೈಯಿಂದ ಯಾರ ಎಸೆತ ಬೀಳುತ್ತದೆ ಎಂದು ತಿಳಿಯಲು ಆ ಪುಟ ಬೇಕು; ಅಂಥ ಹೊತ್ತಿನಲ್ಲಿ ಚೆಂಡು ಯಾರ ಕೈಗೆ ಕೊಡಬೇಕೆಂದು ಅದನ್ನು ನೋಡಿಯೇ ಹೇಳುತ್ತೇನೆ.